ಎಡಭುಜದ ಅರ್ಧ ಇಂಚು

ಮಂಗಳವಾರ, ಮಾರ್ಚ್ ೪

ಅಕ್ಕನವರ ಸನ್ನಿಧಾನಕ್ಕೆ,

ವಿಷಯ: ಅಪ್ಪನ ಕುತ್ತಿಗೆ.
ಉಲ್ಲೇಖ: ತಾವು ನಾಲ್ಕು ತಿಂಗಳಿಂದ ಪ್ರತಿ ಪತ್ರದ ಕೊನೆಯಲ್ಲೂ ಕೇಳುತ್ತಿರುವ ಪ್ರಶ್ನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಇಂದು ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ತಂದೆಯವರೂ ಈ ಬೀದಿಯ ಹಿರಿಯ ಟೈಲರೂ ಆದ ಶ್ರೀಯುತರು ಆಸ್ಟಿಯೋಪತಿ ಡಾಕ್ಟರಮ್ಮನ ಮೇಜಿನ ಮೇಲೆ ಬೋರಲಾಗಿ ಮಲಗಿದರು. ಈ ಚಿಕಿತ್ಸೆಯಲ್ಲಿ ಮಾತ್ರೆಯಿಲ್ಲ, ಇಂಜೆಕ್ಷನ್ ಇಲ್ಲ. ಎರಡು ಕೈ ಇದೆ, ಅಷ್ಟೆ. ಒತ್ತುತ್ತಾರೆ, ನೀವುತ್ತಾರೆ, ನಿಧಾನವಾಗಿ ಎಳೆದು ತಿರುಗಿಸುತ್ತಾರೆ.

ಅಪ್ಪ ಒಪ್ಪಿ ಹೋದರೇ ಎಂದು ತಾವು ಕೇಳಬಹುದು. ಒಪ್ಪಲಿಲ್ಲ. ಆಸ್ಪತ್ರೆಯ ಡಾಕ್ಟರು ಎರಡು ತಿಂಗಳ ಹಿಂದೆಯೇ ಎಕ್ಸ್‌ರೇ ನೋಡಿ, ಮೂಳೆಗೆ ಏನೂ ಆಗಿಲ್ಲ, ಕುತ್ತಿಗೆಯ ಸ್ನಾಯು ಬಿಗಿದಿದೆ, ಈ ಚಿಕಿತ್ಸೆ ಮಾಡಿಸಿ ನೋಡಬಹುದು ಎಂದು ಚೀಟಿ ಬರೆದುಕೊಟ್ಟಿದ್ದರಂತೆ. ಆ ಚೀಟಿ ನನಗೆ ಸಿಕ್ಕಿದ್ದು ಗುಂಡಿ ಡಬ್ಬಿಯ ತಳದಲ್ಲಿ. ಆದ್ದರಿಂದ ಸಾರ್ವಜನಿಕ ಹಿತದೃಷ್ಟಿಯಿಂದ ನಾನು ಒಂದು ಸುಳ್ಳು ಹೇಳಬೇಕಾಯಿತು. ಒಬ್ಬ ಡಾಕ್ಟರಿಗೆ ಕೋಟು ಹೊಲಿಸಬೇಕಂತೆ, ಅಂಗಡಿಗೆ ಬರಲು ಪುರುಸೊತ್ತಿಲ್ಲವಂತೆ, ನಾವೇ ಹೋಗಿ ಅಳತೆ ತೆಗೆಯಬೇಕಂತೆ ಎಂದೆ. ಅಪ್ಪ ಟೇಪು ಕುತ್ತಿಗೆಗೆ ಹಾಕಿಕೊಂಡು ಹೊರಟೇಬಿಟ್ಟರು. ಡಾಕ್ಟರಮ್ಮನಿಗೆ ನಾನು ಮೊದಲೇ ಎಲ್ಲ ಹೇಳಿಟ್ಟಿದ್ದೆ. ಅವರು ನಗದೆ ಕೈಚಾಚಿ ನಿಂತು ಅಳತೆ ಕೊಟ್ಟರು. ಆಮೇಲೆ, "ನಿಮ್ಮದು ಆಯ್ತಲ್ಲ, ಈಗ ನನ್ನ ಸರದಿ. ನಿಮ್ಮ ಮಗಳು ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೇ ಅದಕ್ಕೆ. ಬೇಡ ಅಂದ್ರೆ ಬೇಡ, ಬಲವಂತ ಇಲ್ಲ" ಎಂದರು. ಅಪ್ಪ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಆದರೂ ಕೂತರು.

"ನಿಮ್ಮ ಬಲಭುಜ ಮೇಲಕ್ಕೆ ಎಳೆದುಕೊಂಡಿದೆ" ಎಂದರು ಡಾಕ್ಟರಮ್ಮ.

ಅಪ್ಪನ ಮುಖ ಕೆಂಪಾಯಿತು. "ನನ್ನ ಭುಜವಾ? ಈ ವೇಸ್ಟ್‌ಕೋಟು ನೋಡಿ. ನಮ್ಮಲ್ಲಿ ಟೈಲರು ತನ್ನ ಅಳತೆ ತಾನು ತೆಗೆಯಲ್ಲ, ಹೊಟ್ಟೆ ಒಳಗೆ ಎಳ್ಕೊಂಡುಬಿಡ್ತಾನೆ ಅಂತ. ನನ್ನ ಬಟ್ಟೆ ಎಲ್ಲ ನನ್ನ ದೊಡ್ಡ ಮಗಳೇ ಅಳೆದು ಹೊಲಿಯೋದು. ಎರಡೂ ಭುಜ ಒಂದೇ ಮಟ್ಟ. ಮೇಲೆ ನೀರಿನ ಲೋಟ ಇಟ್ರೂ ಚೆಲ್ಲಲ್ಲ."

ಡಾಕ್ಟರಮ್ಮ ವೇಸ್ಟ್‌ಕೋಟನ್ನು ಒಂದು ಕ್ಷಣ ನೋಡಿದರು. "ಚೆನ್ನಾಗಿದೆ. ಈಗ ಅದನ್ನ ತೆಗೀರಿ" ಎಂದರು.

ಮುಕ್ಕಾಲು ಗಂಟೆಯ ನಂತರ ಅಪ್ಪ ಹೊರಬಂದರು. ಒಂದು ಹಾಳೆ ಕೊಟ್ಟಿದ್ದಾರೆ: ಒಂದೆರಡು ದಿನ ಮೈಕೈ ನೋವು, ಆಯಾಸ, ಸಣ್ಣ ತಲೆನೋವು, ಏಳುವಾಗ ತಲೆ ಹಗುರ ಆದಂತಾಗುವುದು, ಇವೆಲ್ಲ ಆಗಬಹುದು, ತಾನಾಗಿ ಹೋಗುತ್ತದೆ. ಕೈಯ ಬಲ ಕಡಿಮೆಯಾದರೆ, ಜೋಮು ಹೆಚ್ಚಾದರೆ, ತಲೆನೋವು ಜೋರಾದರೆ ತಕ್ಷಣ ಫೋನ್ ಮಾಡಿ. ಹಾಳೆಯನ್ನು ಕಾಜಾ ಮೆಷಿನ್ನಿನ ಎದುರಿನ ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿದ್ದೇನೆ. ಮುಂದಿನ ಮಂಗಳವಾರ ಎರಡನೇ ಸಲ ಹೋಗಬೇಕು.

ದೊಡ್ಡ ಕತ್ತರಿ ನವೆಂಬರಿನಿಂದ ಮೊಳೆಗೆ ನೇತುಹಾಕಿದಂತೆಯೇ ಇದೆ. ಬಲಗೈ ಜೋಮು ಹಿಡಿಯುತ್ತದೆ, ಎತ್ತಿದರೆ ಬೆರಳು ಸಡಿಲ. ಕತ್ತರಿಸಬೇಕಾದ ಬಟ್ಟೆ ಕಟಿಂಗ್ ಮೇಜಿನ ಮೇಲೆ ನನ್ನ ಎದೆಯೆತ್ತರ ಬೆಳೆದಿದೆ. ಅಂಗಡಿ ಮುಚ್ಚುವ ಮಾತು ಊಟದ ಹೊತ್ತಿಗೆ ದಿನಾ ಒಂದು ಸಲ ಬರುತ್ತದೆ. ನೀನು ಮಾತ್ರ ಅಲ್ಲಾಡಬೇಡ. ಈ ತಿಂಗಳು ಕಳೆದರೆ ಆ ನಾಟಕ ಕಂಪನಿಯಲ್ಲಿ ನಿನ್ನ ಕೆಲಸ ಕಾಯಂ.

ಫೋನು ಅಪ್ಪನ ಕಿವಿಯಿಂದ ಎರಡಡಿ ದೂರದಲ್ಲಿ ಇರುವುದರಿಂದ ಈ ಪತ್ರ ವ್ಯವಹಾರ.

ತಮ್ಮ ವಿಧೇಯ,
ಕಿತಾಪತಿ


ಗುರುವಾರ, ಮಾರ್ಚ್ ೬

ಕಿತಾಪತಿ,

ಪತ್ರ ಬಂತು. ಮೊದಲು ಹಾಳೆಯ ಮೂಲೆ ಮುಟ್ಟಿ ನೋಡಿದೆ. ಕೆಂಪು ದಾರ ಇಲ್ಲ. ಆದ್ದರಿಂದ ಅರ್ಧ ಮಾತ್ರ ನಂಬಿದ್ದೇನೆ.

ನಮ್ಮ ಒಪ್ಪಂದ ನೆನಪಿದೆಯಲ್ಲ? ಹೋದ ವರ್ಷ ನೀನು "ಅಪ್ಪ ಬಿದ್ದಿದ್ದಾರೆ" ಎಂದು ಹಾಳೆಯ ಕೊನೆಯ ಸಾಲಿನಲ್ಲಿ ಬರೆದು, ಹಿಂಬದಿಯಲ್ಲಿ "ಗಾಢ ನಿದ್ರೆಯಲ್ಲಿ, ಕುರ್ಚಿಯ ಮೇಲೆ" ಎಂದು ಮುಂದುವರಿಸಿದ್ದೆ. ನಾನು ಹಾಳೆ ತಿರುಗಿಸಲೇ ಇಲ್ಲ. ಹದಿನಾಲ್ಕು ಗಂಟೆ ರೈಲಿನಲ್ಲಿ ನಿಂತುಕೊಂಡು ಬಂದೆ. ಬಾಗಿಲು ತೆಗೆದವರು ಅಪ್ಪನೇ. ಅವತ್ತಿನಿಂದ ನಿಜವಾದ ವಿಷಯ ಇದ್ದರೆ ಮೂಲೆಯಲ್ಲಿ ಕೆಂಪು ದಾರ ಹೊಲಿದು ಕಳಿಸಬೇಕು ಎಂದು ಮಾತಾಗಿದೆ.

ಅಪ್ಪ ಭುಜದ ವಿಷಯಕ್ಕೆ ತುಂಬಾ ಸಿಟ್ಟು ಮಾಡಿಕೊಂಡರಾ? ಡಾಕ್ಟರು ವೇಸ್ಟ್‌ಕೋಟು ನೋಡಿ ಬೇರೆ ಏನಾದರೂ ಅಂದರಾ? ಸುಮ್ಮನೆ ಕೇಳಿದೆ.

ಇಲ್ಲಿ ಹೊಸ ನಾಟಕಕ್ಕೆ ಹದಿನೆಂಟು ಸೈನಿಕರ ಅಂಗಿ. ನಮ್ಮ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಸೂಜಿ ಅನ್ನುತ್ತಾರೆ, ಎದುರಿಗಲ್ಲ. ನಿನ್ನೆ ನನ್ನ ಕಾಲರು ನೋಡಿ "ಹ್ಞೂಂ" ಎಂದರು. ಪಕ್ಕದವಳು ಹೇಳಿದಳು, ಆರು ತಿಂಗಳಲ್ಲಿ ಅದೇ ಅವರ ಮೊದಲನೇ ಹೊಗಳಿಕೆಯಂತೆ.

ನೋವು ಎಷ್ಟಿದೆ, ಜೋಮು ಎಷ್ಟಿದೆ, ನೆಟ್ಟಗೆ ಬರಿ.

ಅಕ್ಕ


ಗುರುವಾರ, ಮಾರ್ಚ್ ೬

ಅಕ್ಕನವರ ಸನ್ನಿಧಾನಕ್ಕೆ,

ಆರೋಗ್ಯ ಪ್ರಕಟಣೆ, ಸಂಖ್ಯೆ ಎರಡು.

ತೀವ್ರ ವಿಷಾದದಿಂದ ತಿಳಿಸುವುದೇನೆಂದರೆ, ಮಂಗಳವಾರ ಸಂಜೆ ಏಳು ಗಂಟೆಗೆ ನಮ್ಮ ಪೂಜ್ಯ ತಂದೆಯವರು ನಮ್ಮನ್ನೆಲ್ಲ ಅಗಲಿ ಹಾಸಿಗೆ ಸೇರಿದರು. ಅಪಾರ ಬಂಧುಬಳಗವನ್ನೂ ಅರ್ಧ ಬಟ್ಟಲು ಸೂಪನ್ನೂ ಬಿಟ್ಟುಹೋಗಿದ್ದರು. ಬುಧವಾರ ಬೆಳಿಗ್ಗೆ ಆರಕ್ಕೆ ಪುನರವತರಿಸಿದರು. ಹನ್ನೊಂದು ಗಂಟೆಗಳ ಈ ಅವಧಿಯಲ್ಲಿ ಅವರ ಗೊರಕೆ ಮೂರು ಮನೆಯಾಚೆಗೆ ಕೇಳಿಸಿತೆಂದು ಹಾಲು ಹಾಕುವವರು ದೃಢಪಡಿಸಿದ್ದಾರೆ.

ಬುಧವಾರದ ಸ್ಥಿತಿಗತಿ ಈ ಕೆಳಕಂಡಂತೆ. ಬೆನ್ನು ಮತ್ತು ಭುಜ: ನೋವು. ಯಾರೋ ತನ್ನ ಮೇಲೆ ಬಟ್ಟೆಯ ಥಾನುಗಳನ್ನು ಇಳಿಸಿ ಹೋದ ಹಾಗಿದೆ ಎಂದು ಶ್ರೀಯುತರ ಹೇಳಿಕೆ. ತಲೆ: ಅರ್ಧ ಇಂಚು ಬಿಗಿಯಾದ ಟೋಪಿ ಹಾಕಿಕೊಂಡ ಹಾಗಿದೆಯಂತೆ. ಹಾಸಿಗೆಯಿಂದ ಏಳುವಾಗ ನೆಲಕ್ಕೆ ಇಸ್ತ್ರಿ ಆಗಿಲ್ಲ ಎಂಬ ದೂರು. ಒಟ್ಟಾರೆ ಮನೋಧರ್ಮ: ಕಹಿ.

"ನೋವಿಗೆ ಅಂತ ಹೋದೆ, ನೋವು ತಗೊಂಡು ಬಂದೆ" ಎಂದರು ಅಪ್ಪ.

"ಮೂವತ್ತೆಂಟು ವರ್ಷ ಮೇಜಿನ ಮೇಲೆ ಬಗ್ಗಿದ್ದಕ್ಕೆ ಒಂದು ದಿನ ನೋವು ಜಾಸ್ತಿಯಾಯ್ತಾ?" ಅಮ್ಮ ಕೇಳಿದಳು. "ಬಿಸಿನೀರಿನ ಚೀಲ ತರ್ತೀನಿ, ಸುಮ್ನೆ ಮಲಗಿ."

"ಮಲಗಿ ಮಲಗಿ ಸಾಕಾಯ್ತು."

"ಹಾಗಾದ್ರೆ ಎದ್ದು ಕೂತ್ಕೊಂಡು ಗೊಣಗಿ. ನನಗೆ ಕೇಳ್ಸುತ್ತೆ."

ಇವತ್ತು ಟೋಪಿ ಸಡಿಲವಾಗಿದೆ. ಥಾನುಗಳಲ್ಲಿ ಅರ್ಧ ಇಳಿದಿವೆ. ನೆಲಕ್ಕೆ ಇಸ್ತ್ರಿ ಆಗಿದೆ. ಗೋಡೆಯ ಹಾಳೆಯಲ್ಲಿದ್ದುದನ್ನೆಲ್ಲ ಅಪ್ಪ ಒಂದನ್ನೂ ಬಿಡದೆ, ಬರೆದ ಕ್ರಮದಲ್ಲೇ ಅನುಭವಿಸಿ ಮುಗಿಸುತ್ತಿದ್ದಾರೆ. ಶಿಸ್ತಿನ ಮನುಷ್ಯ. ಜೋಮಿನ ವಿಷಯ ಕೇಳಿದರೆ ಮಾತ್ರ "ನಿನಗ್ಯಾಕೆ, ಕಾಜಾ ನೋಡು" ಎನ್ನುತ್ತಾರೆ.

ಇತಿ ಪ್ರಕಟಣೆ ಮುಕ್ತಾಯ.

ಕಿತಾಪತಿ


ಶನಿವಾರ, ಮಾರ್ಚ್ ೮

ಕಿತಾಪತಿ,

ನಿನ್ನ ಪ್ರಕಟಣೆಯನ್ನು ಇಸ್ತ್ರಿ ಮೇಜಿನ ಪಕ್ಕ ನಿಂತು ಓದಿದೆ. "ನಮ್ಮನ್ನೆಲ್ಲ ಅಗಲಿ" ಎನ್ನುವಲ್ಲಿಗೆ ಬಂದಾಗ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಒಬ್ಬ ಸೈನಿಕನ ತೋಳಿನ ಮೇಲೆ ಕೂತುಬಿಟ್ಟಿತು. ತೋಳು ಕಂದಿಹೋಯಿತು. ಮುಂದಿನ ಸಾಲು ಓದುವಷ್ಟರಲ್ಲಿ ಹೊಗೆ.

ನಿನಗೆ ತಮಾಷೆ. ಇಲ್ಲಿ ಕೂತು ಓದುವವಳಿಗೆ ಹನ್ನೊಂದು ಗಂಟೆ ಎಚ್ಚರವಿಲ್ಲ, ತಲೆನೋವು, ತಲೆಸುತ್ತು, ಜೋಮಿನ ವಿಷಯ ಕೇಳಿದರೆ ಬೈಗುಳ, ಇಷ್ಟೇ ಕಾಣುತ್ತದೆ. ನೀನು ಹೆದರಿದಾಗಲೇ ಹೆಚ್ಚು ನಗಿಸುತ್ತೀಯ. ಚಿಕ್ಕಂದಿನಿಂದ ನೋಡಿದ್ದೇನೆ.

ನಿನ್ನೆ ಸಂಜೆ ಅಂಗಡಿಗೆ ಫೋನ್ ಮಾಡಿದೆ. ಅಪ್ಪನೇ ಎತ್ತಿದರು. ಯಾವಾಗಲೂ ಯಾವ ಬಟ್ಟೆ, ಇಂಚಿಗೆ ಎಷ್ಟು ಹೊಲಿಗೆ ಎಂದು ಪ್ರಾಣ ತಿನ್ನುವವರು, "ಎಲ್ಲಾ ಸರಿ ಇದೆ, ನಿನ್ನ ಕೆಲಸ ನೋಡ್ಕೋ" ಎಂದು ಇಟ್ಟುಬಿಟ್ಟರು. ಎಲ್ಲಾ ಸರಿ ಇದ್ದರೆ ಅಪ್ಪ ಹಾಗೆ ಹೇಳುವವರಲ್ಲ.

ಇವತ್ತು ಬೆಳಿಗ್ಗೆ ದೊಡ್ಡ ಸೂಜಿಯವರ ಮೇಜಿನ ಮೇಲೆ ಒಂದು ಲಕೋಟೆ ಇಟ್ಟುಬಂದಿದ್ದೇನೆ. ರಜೆಯ ವಿಷಯ. ಅದರ ಬಗ್ಗೆ ಈಗ ಬೇಡ.

ಕೆಂಪು ದಾರ ಹೊಲಿದು ಬರಿ. ಒಂದೇ ಒಂದು ಸಲ ನೆಟ್ಟಗೆ ಬರಿ ಕಣೇ.

ಅಕ್ಕ


ಶನಿವಾರ, ಮಾರ್ಚ್ ೮

ಅಕ್ಕ,

ಮೂಲೆ ಮುಟ್ಟಿ ನೋಡು. ಕೆಂಪು ದಾರ. ನನ್ನ ಕೈಹೊಲಿಗೆ ಕುಂಟುತ್ತದೆ ಎಂದು ಅಪ್ಪ ಹೇಳುವುದು ನಿಜ, ಆದರೆ ನಾಲ್ಕು ಹೊಲಿಗೆ ಇವೆ, ಎಣಿಸು.

ನಿನ್ನೆ, ಶುಕ್ರವಾರ, ಅಪ್ಪ ಏಳುವಾಗಲೇ ಉಲ್ಲಾಸವಾಗಿದ್ದರು. ನೋವಿಲ್ಲ, ತಲೆನೋವಿಲ್ಲ. ಶೇವ್ ಮಾಡಿಕೊಂಡರು. ಮೂರು ದಿನ ಅಂಗಿಯಲ್ಲೇ ಇದ್ದವರು ಕಂದು ವೇಸ್ಟ್‌ಕೋಟು ಹಾಕಿಕೊಂಡು ಅಂಗಡಿಗೆ ಇಳಿದರು. ಟ್ರಯಲ್ ಕನ್ನಡಿಯ ಮುಂದೆ ನಿಂತರು. ಮನೆಯಲ್ಲಿರುವುದು ಮುಖದಷ್ಟೇ ಕನ್ನಡಿ ತಾನೆ, ಆದ್ದರಿಂದ ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ.

"ಇಲ್ಲಿ ಬಾ" ಎಂದರು. ಹೋದೆ.

ಅಪ್ಪ ಸೊಟ್ಟಗಾಗಿದ್ದಾರೆ ಅಕ್ಕ. ಎಡಭುಜ ಮೇಲೆ ಎದ್ದಿದೆ. ಮೊದಲು ನನ್ನ ಕಣ್ಣಿನ ದೋಷ ಅಂದುಕೊಂಡೆ. ಅಪ್ಪ ಸೀಮೆಸುಣ್ಣದಿಂದ ಕನ್ನಡಿಯ ಮೇಲೆ ಅಡ್ಡಗೆರೆ ಎಳೆಯಲು ಹೇಳಿದರು. ಎಳೆದೆ. ಎಡಗಡೆ ಗೆರೆಗಿಂತ ಅರ್ಧ ಇಂಚು ಮೇಲೆ. ಬೂದು ಬಣ್ಣದ ವೇಸ್ಟ್‌ಕೋಟು ಹಾಕಿ ನೋಡಿದೆವು. ಅದೂ ಹಾಗೇ. ಮದುವೆ ಮನೆಗೆ ಹಾಕುವ ಕೋಟು, ಅದೂ ಹಾಗೇ.

ಅಮ್ಮ ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಅಪ್ಪ ಮೊಳೆಯಿಂದ ದೊಡ್ಡ ಕತ್ತರಿ ಕಿತ್ತುಕೊಂಡು, ಅದನ್ನು ಬೀದಿಯ ಕಡೆ, ಡಾಕ್ಟರಮ್ಮನ ಮನೆಯ ದಿಕ್ಕಿಗೆ ಬೀಸಿ ಬೀಸಿ ಮಾತಾಡುತ್ತಿದ್ದರು. "ನೆಟ್ಟಗೆ ಹೋಗಿದ್ದೆ, ಸೊಟ್ಟ ಮಾಡಿ ಕಳ್ಸಿದಾಳೆ. ಸೊಟ್ಟ ಟೈಲರ್ ಹತ್ರ ನೆಟ್ಟಗಿನ ಕೋಟು ಯಾರು ಹೊಲಿಸ್ತಾರೆ? ಮಂಗಳವಾರ ಅಲ್ಲ, ಯಾವ ವಾರವೂ ನಾನು ಅಲ್ಲಿಗೆ ಹೋಗಲ್ಲ. ಈ ತಿಂಗಳ ಕೊನೆಗೆ ಅಂಗಡಿ ಮುಚ್ಚಿದ್ದೇ."

"ಮೊದಲು ಆ ಕತ್ತರಿ ಕೆಳಗಿಡಿ" ಎಂದಳು ಅಮ್ಮ. "ಯಾರ ಕಿವಿನಾದ್ರೂ ಹೋದೀತು."

"ದೊಡ್ಡವಳಿಗೆ ಏನೂ ಹೇಳಬೇಡಿ. ಹೇಳಿದ್ರೆ ಎಲ್ಲಾ ಬಿಟ್ಟು ಓಡಿ ಬರ್ತಾಳೆ."

ಇದನ್ನು ಹೇಳುವಾಗ ಮಾತ್ರ ಅಪ್ಪನ ದನಿ ಇಳಿಯಿತು.

ಗೋಡೆಯ ಹಾಳೆಯನ್ನು ಹನ್ನೊಂದು ಸಲ ಓದಿದೆ. ಸೊಟ್ಟಗಾಗುವುದು ಅದರಲ್ಲಿ ಎಲ್ಲೂ ಇಲ್ಲ. ಪೋಸ್ಟಾಫೀಸಿಗೆ ಹೋಗಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಕೈಗೆ ಬಲ ಇದ್ಯಾ? ಜೋಮು ಜಾಸ್ತಿ ಆಗಿದ್ಯಾ?" ಎಂದು ಕೇಳಿದರು. ಅಪ್ಪ ಬಾಯಿ ಬಿಡುವುದಿಲ್ಲ, ನನಗೇನು ಗೊತ್ತು ಎಂದೆ. "ನೋಡದೆ ಹೇಳೋಕಾಗಲ್ಲ, ಇವತ್ತೇ ಬೇಕಾದ್ರೂ ಕರ್ಕೊಂಡು ಬನ್ನಿ" ಎಂದರು. ಕರೆದುಕೊಂಡು ಹೋಗುವುದು ಹೇಗೆ? ಒಂದು ಸಲ ಸುಳ್ಳು ಹೇಳಿ ಆಗಿದೆ. ನಿನಗೂ ಫೋನ್ ಮಾಡಿದೆ. ನಿನ್ನ ಮನೆಯೊಡತಿ "ನಾಟಕದ ವಾರ, ಅವಳು ಮಲಗೋಕೆ ಬಂದ್ರೆ ಹೆಚ್ಚು" ಎಂದು ಇಟ್ಟರು.

ಇನ್ನೊಂದು ವಿಷಯ. ಮಂಗಳವಾರ ಅಪ್ಪ ಮಲಗಿದ್ದ ಹನ್ನೊಂದು ಗಂಟೆಯಲ್ಲಿ ನಾನು ಆರು ಸಲ ಬಾಗಿಲ ಹತ್ತಿರ ಹೋಗಿ ಗೊರಕೆ ಕೇಳಿಸಿಕೊಂಡು ಬಂದೆ. ಹಾಲು ಹಾಕುವವರ ಮಾತು ನಾನು ಕಟ್ಟಿದ್ದು. ಆ ಗೊರಕೆ ನನಗೇ ಬೇಕಾಗಿತ್ತು.

ಅವರನ್ನು ಮೋಸ ಮಾಡಿ ಕರೆದುಕೊಂಡು ಹೋದವಳು ನಾನು. ಏನು ಮಾಡಲಿ ಹೇಳು.

ತಂಗಿ


ಸೋಮವಾರ, ಮಾರ್ಚ್ ೧೦
ತುರ್ತು ಅಂಚೆ

ಕಿತಾಪತಿ,

ನಾಲ್ಕು ಹೊಲಿಗೆ ಎಣಿಸಿದೆ. ಆಮೇಲೆ ಪತ್ರ ಓದಿದೆ. ಆಮೇಲೆ ಎಷ್ಟು ನಕ್ಕೆನೆಂದರೆ ದೊಡ್ಡ ಸೂಜಿಯವರು ಒಳಗಿನ ಕೋಣೆಯಿಂದ ಎದ್ದು ಬಂದು, ನಾನು ಅಳುತ್ತಿದ್ದೇನೆ ಎಂದುಕೊಂಡು ಒಂದು ಲೋಟ ನೀರು ಕೊಟ್ಟು ಹೋದರು. ಸ್ವಲ್ಪ ಅಳುತ್ತಲೂ ಇದ್ದೆ.

ಮೊದಲು ಒಂದು ಪ್ರಶ್ನೆ. ಅಪ್ಪ ಆ ಕತ್ತರಿಯನ್ನು ಯಾವ ಕೈಯಲ್ಲಿ ಹಿಡಿದಿದ್ದರು?

ನೆನಪು ಮಾಡಿಕೋ. ನವೆಂಬರಿನಿಂದ ಮೊಳೆಯ ಮೇಲಿದ್ದ ಕತ್ತರಿ ಅದು. ಕಿತ್ತುಕೊಂಡು ಬೀಸಿ ಬೀಸಿ ಮಾತಾಡಿದರು ಅಂತ ನೀನೇ ಬರೆದಿದ್ದೀಯ. ಅಪ್ಪನಿಗೆ ಎಡಗೈಯಲ್ಲಿ ಚಮಚ ಹಿಡಿಯಲೂ ಬರುವುದಿಲ್ಲ.

ಈಗ ಎರಡನೆಯದು. ಇದನ್ನು ನಾಲ್ಕು ವರ್ಷದಿಂದ ಯಾರಿಗೂ ಹೇಳಿಲ್ಲ.

ಅಪ್ಪನಿಗೆ ಆ ಕಂದು ವೇಸ್ಟ್‌ಕೋಟು ಹೊಲಿಯಲು ಅಳತೆ ತೆಗೆದಾಗಲೇ ಬಲಭುಜ ಕಾಲು ಇಂಚು ಮೇಲೆ ಇತ್ತು. ಟೇಪು ಹಿಡಿದು ಹಿಂದೆ ನಿಂತಿದ್ದೆ. ಹೇಳಬೇಕು ಅಂದುಕೊಂಡೆ, ಬಾಯಿ ಬರಲಿಲ್ಲ. ಬಾಗಿಲಲ್ಲಿ ಗಿರಾಕಿ ಕಂಡರೆ ಸಾಕು, ಅವರ ಭುಜದ ಏರುಪೇರು ಕಣ್ಣಳತೆಯಲ್ಲೇ ಹೇಳುವ ಮನುಷ್ಯ. ತನ್ನದೇ ಸೊಟ್ಟ ಅಂತ ಹೇಗೆ ಹೇಳುವುದು? ಎಡಭುಜದ ಲೈನಿಂಗಿನ ಕೆಳಗೆ ತೆಳ್ಳಗೆ ಒಂದು ಹತ್ತಿ ಪ್ಯಾಡು ಇಟ್ಟು ಹೊಲಿದೆ. ಕನ್ನಡಿಯಲ್ಲಿ ಸಮ ಆಯಿತು. ಮಾರನೇ ವರ್ಷ ಇಸ್ತ್ರಿಗೆ ಅಂತ ತೆಗೆದುಕೊಂಡು ಇನ್ನೊಂದು ಪದರ ಸೇರಿಸಿದೆ. ಇಲ್ಲಿಗೆ ಬರುವ ಮುಂಚೆ ಮೂರನೆಯದು. ಬೂದು ಬಣ್ಣದ್ದಕ್ಕೂ ಹಾಗೇ, ಕೋಟಿಗೂ ಹಾಗೇ. ಮೂರೂ ಸೇರಿದರೆ ಅರ್ಧ ಇಂಚು.

ಅಪ್ಪ ಸೊಟ್ಟಗಾಗಿಲ್ಲ ಕಣೇ. ಬಿಗಿದಿದ್ದ ಬಲಗಡೆ ಸಡಿಲವಾಗಿ ಕೆಳಗೆ ಇಳಿದಿದೆ. ಭುಜ ಸಮ ಆಗಿದೆ. ಸೊಟ್ಟ ಇರುವುದು ನನ್ನ ಹೊಲಿಗೆ.

ಡಾಕ್ಟರಮ್ಮ ಮೊದಲ ದಿನವೇ ಕಣ್ಣಿಗೆ ಕಂಡದ್ದನ್ನು ಹೇಳಿದರು. ನನಗೆ ನಾಲ್ಕು ವರ್ಷ ಮುಂಚೆಯೇ ಕಂಡಿತ್ತು. ನಾನು ಅವತ್ತೇ ಬಾಯಿ ಬಿಟ್ಟಿದ್ದರೆ ಅಪ್ಪ ಅವತ್ತೇ ಯಾರಿಗಾದರೂ ತೋರಿಸುತ್ತಿದ್ದರೋ ಏನೋ, ಕೈ ಜೋಮು ಹಿಡಿಯುವವರೆಗೆ ಬರುತ್ತಿರಲಿಲ್ಲವೋ ಏನೋ. ನಿನ್ನ ಸುಳ್ಳುಗಳಿಗೆ ನಾನು ಕೆಂಪು ದಾರದ ಕಾನೂನು ಮಾಡಿದೆ. ನಿನ್ನ ಸುಳ್ಳು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಯಿತು. ನನ್ನ ದಾಕ್ಷಿಣ್ಯ ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ ಸುಮ್ಮನಿತ್ತು.

ಕೆಲಸ ಹೀಗೆ ಮಾಡು. ಎಡಭುಜದ ಲೈನಿಂಗನ್ನು ಎರಡು ಇಂಚು ಮಾತ್ರ ಬಿಚ್ಚು. ಬ್ಲೇಡು ಬೇಡ, ಸೂಜಿಯಿಂದ. ಮೂರು ಪದರ ತೆಗೆ. ಮತ್ತೆ ಹೊಲಿದು ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಮಾಡು. ಅಪ್ಪನಿಗೆ ಹೇಳಬೇಡ. ಅವರ ಮುಂದೆ ನಿಂತು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಇನ್ನೊಂದು. ಆ ಲಕೋಟೆಯಲ್ಲಿದ್ದದ್ದು ರಜೆ ಅರ್ಜಿ ಅಲ್ಲ. ರಾಜೀನಾಮೆ. ದೊಡ್ಡ ಸೂಜಿಯವರು ಶನಿವಾರದಿಂದ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಒಪ್ಪಿಬಿಟ್ಟಿದ್ದರೆ ಹೋಯಿತು. ನಾಳೆ ಕೇಳುತ್ತೇನೆ.

ಅಕ್ಕ


ಶುಕ್ರವಾರ, ಮಾರ್ಚ್ ೧೪

ಅಕ್ಕನವರ ಸನ್ನಿಧಾನಕ್ಕೆ,

ಆರೋಗ್ಯ ಪ್ರಕಟಣೆ, ಸಂಖ್ಯೆ ಮೂರು. ಮೂಲೆಯಲ್ಲಿ ಕೆಂಪು ದಾರ ಹೊಲಿಯಲಾಗಿದೆ. ಈ ಇಲಾಖೆಯ ಇತಿಹಾಸದಲ್ಲಿ ತಮಾಷೆಯ ಪತ್ರಕ್ಕೆ ದಾರ ಬಿದ್ದಿರುವುದು ಇದೇ ಮೊದಲು.

ಬಲಗೈ. ಬಲಗೈ ಬಲಗೈ ಬಲಗೈ. ನಿನ್ನ ಪತ್ರ ಓದಿದ ಮೇಲೆ ಅಮ್ಮನನ್ನು ಕೇಳಿದೆ. "ಇನ್ಯಾವ ಕೈ? ಅದಕ್ಕೇ ಕೆಳಗಿಡಿ ಅಂದಿದ್ದು" ಎಂದಳು. ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಈರುಳ್ಳಿ ಎಂದಳು. ಹೆಚ್ಚುತ್ತಿದ್ದದ್ದು ಸೌತೆಕಾಯಿ.

ಬುಧವಾರ ಮಧ್ಯಾಹ್ನ ಅಪ್ಪ ಕ್ಷೌರಕ್ಕೆ ಹೋದಾಗ ಶಸ್ತ್ರಚಿಕಿತ್ಸೆ ನಡೆಯಿತು. ರೋಗಿ: ಕಂದು ವೇಸ್ಟ್‌ಕೋಟು. ಹೊರತೆಗೆದದ್ದು: ಹತ್ತಿಯ ಪದರ, ಮೂರು. ಸಾಕ್ಷ್ಯವಸ್ತುಗಳನ್ನು ಇದರೊಂದಿಗೆ ಲಗತ್ತಿಸಲಾಗಿದೆ. ರಕ್ತಸ್ರಾವ: ನನ್ನ ಹೆಬ್ಬೆರಳಿನಿಂದ ಒಂದು ಹನಿ. ರೋಗಿ ಆರೋಗ್ಯವಾಗಿದ್ದಾನೆ.

ಗುರುವಾರ ಬೆಳಿಗ್ಗೆ, "ಅಪ್ಪ, ಇಸ್ತ್ರಿ ಮಾಡಿದೀನಿ, ಒಂದ್ಸಲ ಹಾಕ್ಕೊಳ್ಳಿ" ಎಂದೆ. "ಯಾವ ಸಂಭ್ರಮಕ್ಕೆ?" ಎಂದರು. ಆದರೂ ಹಾಕಿಕೊಂಡರು. ತೋಳು ಹಾಕುವಾಗ ಒಂದು ಸಲ ನಿಂತರು, ಏನೋ ಮರೆತವರ ಹಾಗೆ. ಆಮೇಲೆ ಕನ್ನಡಿಯ ಮುಂದೆ ಹೋದರು. ಸೀಮೆಸುಣ್ಣದ ಗೆರೆ ಇನ್ನೂ ಇತ್ತು. ಎರಡೂ ಭುಜ ಗೆರೆಯ ಮೇಲೆ ನೆಟ್ಟಗೆ ಕೂತವು.

ತುಂಬಾ ಹೊತ್ತು ನೋಡಿದರು. "ಹ್ಞೂಂ. ಇಳಿದಿದೆ" ಎಂದರು.

ನಾನು ಅತ್ಯಂತ ಗಂಭೀರವಾಗಿ ಗೋಡೆಯ ಹಾಳೆಯನ್ನು ತೋರಿಸಿ, "ಇಂಥದ್ದೆಲ್ಲ ತಾನಾಗಿ ಹೋಗುತ್ತೆ ಅಂತ ಬರೆದಿದಾರಲ್ಲ" ಎಂದೆ.

"ಬರೆದಿದಾರೆ, ಬರೆದಿದಾರೆ" ಎಂದರು ಅಪ್ಪ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಪೂರ್ತಿ ನಂಬಿದರು ಅಕ್ಕ. ನನ್ನ ಇಡೀ ಸೇವಾವಧಿಯಲ್ಲಿ ಇಷ್ಟು ಸ್ವಚ್ಛವಾದ ಕೆಲಸ ಮಾಡಿಲ್ಲ.

ನಿನ್ನೆ ಮಧ್ಯಾಹ್ನ ತಾವಾಗಿಯೇ ಡಾಕ್ಟರಮ್ಮನ ಹತ್ತಿರ ಎರಡನೇ ಸಲ ಹೋಗಿಬಂದರು. ಜೋಮು ಶುಕ್ರವಾರದಿಂದಲೇ ಇರಲಿಲ್ಲವಂತೆ. ಸಿಟ್ಟಿನಲ್ಲಿ ಗಮನಿಸಲಿಲ್ಲವಂತೆ, ಗಮನಿಸಿದ ಮೇಲೆ ಹೇಳಲು ಬಿಗುಮಾನವಂತೆ. ಇನ್ನೂ ಎರಡು ಸಲ ಬರಬೇಕು, ಗಂಟೆಗೊಮ್ಮೆ ಮೇಜು ಬಿಟ್ಟು ಏಳಬೇಕು, ಕೈ ಪೂರ್ತಿ ಮೊದಲಿನ ಹಾಗಾಗಲು ಸಮಯ ಬೇಕು ಎಂದಿದ್ದಾರೆ. ಇವತ್ತು ಮತ್ತೆ ಮೈಕೈ ನೋವು. ಈ ಸಲ ಗೊಣಗಾಟ ಇಲ್ಲ. "ಇವತ್ತು ನೋವಿದ್ರೆ ನಾಳೆ ಹಗುರ" ಎಂದು ನನಗೇ ಪಾಠ ಹೇಳುತ್ತಾರೆ, ಇವರೇ ಆ ಹಾಳೆ ಬರೆದವರ ಹಾಗೆ.

ಸುಳ್ಳು ಕೋಟು ನಿಜವಾಯಿತು. ಡಾಕ್ಟರಮ್ಮ ಬಟ್ಟೆ ಕೊಟ್ಟಿದ್ದಾರೆ, ಕಡುನೀಲಿ. ಇವತ್ತು ಬೆಳಿಗ್ಗೆ ಅಪ್ಪ ದೊಡ್ಡ ಕತ್ತರಿ ಇಳಿಸಿದರು. ಆ ಸದ್ದು ನೆನಪಿದೆಯಾ, ಮೇಜಿನ ಮರಕ್ಕೆ ಕತ್ತರಿಯ ಕೆಳ ಅಲಗು ತಾಗಿ ಬರುವ ಸದ್ದು? ಅಮ್ಮ ಮಹಡಿಯಲ್ಲಿ ರೇಡಿಯೋ ಆರಿಸಿದಳು. ಕೇಳಿಸಿಕೊಳ್ಳಲು.

ಆ ಕೋಟಿನ ಮುಂಭಾಗ ಕತ್ತರಿಸಿ ಆದ ಮೇಲೆ ಕಾಗದ ಕೇಳಿದರು, ಕೆಂಪು ದಾರ ಕೇಳಿದರು. ನಮ್ಮ ದಾರದ ವಿಷಯ ಅವರಿಗೆ ಹೇಗೆ ಗೊತ್ತೋ, ಅಮ್ಮ ಹೇಳಿರಬೇಕು. ಏನೋ ಬರೆದು, ಮಡಚಿ, ನಾಲ್ಕೂ ಬದಿ ಹೊಲಿದು ಕೊಟ್ಟಿದ್ದಾರೆ. ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡಿದೆ, ಇಸ್ತ್ರಿ ಹಬೆಗೆ ಹಿಡಿದು ನೋಡಿದೆ. ಇಣುಕಲು ಸಂದಿಯೇ ಇಲ್ಲ. ಏನು ಬರೆದಿದ್ದಾರೆಂದು ತಾವು ಕೂಡಲೇ ವರದಿ ಸಲ್ಲಿಸಬೇಕು.

ದೊಡ್ಡ ಸೂಜಿ ಏನಂದರು? ಅದೊಂದು ಬರೆಯದೆ ನಮ್ಮನ್ನು ಕೊಲ್ಲಬೇಡ.

ಕಿತಾಪತಿ


ಅದೇ ದಿನ

ಮಗಳೇ,

ಗುರುವಾರ ವೇಸ್ಟ್‌ಕೋಟು ಹಾಕಿಕೊಂಡಾಗ ಹಗುರ ಅನ್ನಿಸಿತು. ಎಷ್ಟೋ ಸಾವಿರ ಕೋಟುಗಳನ್ನು ಕೈಯಲ್ಲಿ ತೂಗಿದವನು ನಾನು. ಕನ್ನಡಿ ನೋಡುವ ಮುಂಚೆಯೇ ಗೊತ್ತಾಯಿತು, ಏನೋ ತೆಗೆದಿದ್ದಾರೆ ಎಂದು. ನಿನ್ನ ತಂಗಿ ಆಚೆ ಹೋದಾಗ ಎಡಭುಜ ನೋಡಿದೆ. ಎರಡು ಇಂಚು ಹೊಲಿಗೆ ಕುಂಟುತ್ತಿತ್ತು. ಉಳಿದದ್ದು ನಿನ್ನದು. ಬಿಚ್ಚಿದರೆ ಹತ್ತಿಯ ಎಳೆ. ಬೂದು ವೇಸ್ಟ್‌ಕೋಟನ್ನೂ ಬಿಚ್ಚಿದೆ. ಮೂರು ಪದರ ಹಾಗೇ ಇದ್ದವು, ಒಂದರ ಅಂಚು ಇನ್ನೊಂದಕ್ಕೆ ಸಿಗದ ಹಾಗೆ ಸವರಿ ಇಟ್ಟಿದ್ದೀಯ.

ನಾಲ್ಕು ವರ್ಷ ಹಾಕಿಕೊಂಡೆ. ನನಗೆ ಗೊತ್ತಾಗಲಿಲ್ಲ. ನನ್ನ ಕಣ್ಣಿಗೆ ಸಿಗದ ಹಾಗೆ ಪ್ಯಾಡು ಇಟ್ಟವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಆ ಕೆಲಸಕ್ಕೆ ಸಿಟ್ಟು ಮಾಡಲು ಆಗಲಿಲ್ಲ. ಮುಂದೆ ನನ್ನ ಅಳತೆ ತೆಗೆಯುವಾಗ ಸೊಟ್ಟ ಕಂಡರೆ ಸೊಟ್ಟ ಎಂದು ಹೇಳು. ಬೈಯುತ್ತೇನೆ. ಬೈಸಿಕೋ.

ಓಡಿ ಬರಬೇಡ. ಅಲ್ಲಿಯೇ ಇರು.

ನನಗೆ ಗೊತ್ತಾಯಿತೆಂದು ತಂಗಿಗೆ ಹೇಳಬೇಡ. ತಾನೇ ಗೆದ್ದೆ ಎಂದುಕೊಂಡು ಎರಡು ದಿನದಿಂದ ಶಿಳ್ಳೆ ಹೊಡೆಯುತ್ತಿದ್ದಾಳೆ. ಅಂಗಡಿಯಲ್ಲಿ ಶಿಳ್ಳೆ ಕೇಳಿ ಬಹಳ ದಿನವಾಗಿತ್ತು.

ಅಪ್ಪ


ಸೋಮವಾರ, ಮಾರ್ಚ್ ೧೭

ಕಿತಾಪತಿ,

ದೊಡ್ಡ ಸೂಜಿಯವರು ಲಕೋಟೆಯನ್ನು ಒಡೆದೇ ಇರಲಿಲ್ಲ. ಮಂಗಳವಾರ ಹೋಗಿ ಕೇಳಿದ್ದಕ್ಕೆ ಡ್ರಾಯರ್ ಎಳೆದು ತೋರಿಸಿದರು. ಒಳಗೆ ಅಂಥವೇ ಒಂಬತ್ತು. "ನಾಟಕದ ವಾರದಲ್ಲಿ ಎಲ್ಲರೂ ಬರೀತಾರೆ. ನಾಟಕ ಶುರುವಾದ ಮೇಲೆ ಓದ್ತೀನಿ ಅಂತ ಇಟ್ಕೊಂಡಿರ್ತೀನಿ, ಅಷ್ಟರಲ್ಲಿ ವಾಪಸ್ ತಗೊಂಡು ಹೋಗ್ತಾರೆ. ನಿನ್ನದು ಯಾವುದು, ಹುಡುಕ್ಕೋ" ಎಂದರು. ಹುಡುಕಿಕೊಂಡೆ. ಹೊರಡುವಾಗ ಹಿಂದಿನಿಂದ, "ಕಂದಿದ ತೋಳು ಬದಲಾಯಿಸು" ಎಂದರು. ಬದಲಾಯಿಸಿದೆ. ನಾಟಕ ಶುಕ್ರವಾರ ಶುರುವಾಯಿತು. ಕೆಲಸ ಕಾಯಂ ಆಗುವ ಕಾಗದ ಶನಿವಾರ ಕೈಗೆ ಬಂತು, ಎರಡು ವಾರ ಮುಂಚೆ. ಅಮ್ಮನಿಗೆ ಹೇಳು. ಅಪ್ಪನಿಗೆ ಸಂಜೆ ನಾನೇ ಫೋನ್ ಮಾಡುತ್ತೇನೆ, ಹೇಳಬೇಕಾದದ್ದು ಬೇರೆಯೂ ಇದೆ.

ಮೂರು ಪದರ ಹತ್ತಿ ತಲುಪಿತು. ನನ್ನ ಸೂಜಿದಿಂಬಿನೊಳಗೆ ತುಂಬಿಕೊಂಡಿದ್ದೇನೆ.

ಅಪ್ಪ ಏನು ಬರೆದಿದ್ದರು ಎಂದು ಕೇಳಿದ್ದೀಯ. ವಿಶೇಷ ಏನಿಲ್ಲ, ಅಲ್ಲಿ ಬಿಸಿಲು ಜಾಸ್ತಿಯಾಗಿದೆ ಎಂದು ಬರೆದಿದ್ದಾರೆ. ನೀನು ಅವರಿಗೆ ಚೆನ್ನಾಗಿ ಟೋಪಿ ಹಾಕಿದ್ದೀಯ, ನಿಜಕ್ಕೂ. ಹಾಗೇ ಶಿಳ್ಳೆ ಹೊಡೆಯುತ್ತಿರು.

ಚೀಟಿ ಬಿಚ್ಚುವ ಮುಂಚೆ ಹೊಲಿಗೆಯ ಮೇಲೆ ಟೇಪು ಇಟ್ಟು ನೋಡಿದೆ. ಇಂಚಿಗೆ ಹದಿನಾಲ್ಕು. ಒಂದೂ ಕುಂಟಿಲ್ಲ. ದೊಡ್ಡ ಸೂಜಿಯವರಿಗೆ ತೋರಿಸಿದೆ, ಕನ್ನಡಕ ಹಾಕಿಕೊಂಡು ನೋಡಿ "ಯಾರ ಕೈ?" ಎಂದರು. ನಮ್ಮ ಅಪ್ಪನ ಬಲಗೈ ಎಂದೆ.

ಬಿಚ್ಚಲು ಮನಸ್ಸೇ ಬರಲಿಲ್ಲ. ಒಂದು ಬದಿ ಮಾತ್ರ ಬಿಚ್ಚಿ, ಒಳಗೆ ಇಣುಕಿ ಓದಿದೆ. ಉಳಿದ ಮೂರು ಬದಿ ಹಾಗೇ ಇವೆ.

ಅಕ್ಕ